ಸೋಡಿಯಂ ನಾಳದ ಪಾಠಾಂತರಗಳೂ ಮಾನವನ ನೋವೂ

ನೋವು ಯಾರಿಗೂ ಬೇಡವಾದುದು. ಆದರೂ ದೇಹಕ್ಕೆ ಅದರಂಥ ಕಾವಲುಗಾರನು ಮತ್ತೊಬ್ಬನಿಲ್ಲ. ಒಲೆಯ ಮೇಲಣ ಪಾತ್ರೆಗೆ ಬೆರಳು ತಗುಲಿದೊಡನೆ ಕೈ ಹಿಂದಕ್ಕೆ ಸರಿಯುವುದೂ, ಉಳುಕಿದ ಕಾಲಿನ ಮೇಲೆ ಭಾರ ಬಿಡದಂತೆ ಮನುಷ್ಯನು ಎಚ್ಚರಿಕೆಯಿಂದ ನಡೆಯುವುದೂ ನೋವಿನ ಉಪಕಾರಗಳೇ ಆಗಿವೆ. ಈ ಕಾವಲುಗಾರನು ಎಂದೆಂದಿಗೂ ನಿದ್ರಿಸಿಬಿಟ್ಟರೆ ಏನಾಗುವುದು? ಕಾರಣವಿಲ್ಲದೆ ಹಗಲಿರುಳೂ ಕೂಗುತ್ತಲೇ ಇದ್ದರೆ ಏನಾಗುವುದು? ಈ ಎರಡು ಪ್ರಶ್ನೆಗಳಿಗೂ ಪ್ರಕೃತಿಯೇ ಉತ್ತರವನ್ನು ಒದಗಿಸಿದೆ.

೧೮೭೮ರಲ್ಲಿ ಅಮೆರಿಕದ ವೈದ್ಯರಾದ ಸೈಲಾಸ್ ವೇರ್ ಮಿಚೆಲ್ ಎಂಬವರು, ಪಾದಗಳು ಕೆಂಪೇರಿ ಬೆಂಕಿಯಲ್ಲಿಟ್ಟಂತೆ ಉರಿಯುವ ಒಂದು ವ್ಯಾಧಿಯನ್ನು ವರ್ಣಿಸಿ, ಕೆಂಪು, ಅವಯವ, ನೋವು ಎಂಬರ್ಥದ ಮೂರು ಗ್ರೀಕ್ ಶಬ್ದಗಳನ್ನು ಕೂಡಿಸಿ ಅದಕ್ಕೆ ‘ಎರಿತ್ರೊಮೆಲಾಲ್ಜಿಯ’ ಎಂದು ಹೆಸರಿಟ್ಟರು. ೨೦೦೬ರಲ್ಲಿ ಕೇಂಬ್ರಿಜ್ಜಿನ ಜೆಫ್ರಿ ವುಡ್ಸ್ ಮತ್ತು ಅವರ ಸಂಗಡಿಗರು ಇದಕ್ಕೆ ತೀರ ವಿರುದ್ಧವಾದ ಸಂಗತಿಯೊಂದನ್ನು ಪ್ರಕಟಿಸಿದರು. ಉತ್ತರ ಪಾಕಿಸ್ತಾನದ ಹತ್ತು ವರ್ಷದ ಬಾಲಕನೊಬ್ಬನು ಬೀದಿಯಲ್ಲಿ ನೆರೆದ ಜನರೆದುರು ತನ್ನ ತೋಳಿಗೆ ಚೂರಿಗಳನ್ನು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ತೋರಿಸುತ್ತಿದ್ದನು. ಅವನಿಗೆ ನೋವೆಂಬುದೇ ಇರಲಿಲ್ಲ. ವಿದ್ವಾಂಸರು ಅವನನ್ನು ಪರೀಕ್ಷಿಸುವುದಕ್ಕೆ ಮೊದಲೇ, ಹದಿನಾಲ್ಕನೆಯ ಹುಟ್ಟುಹಬ್ಬದ ಸಮಯದಲ್ಲಿ, ಅವನು ಮನೆಯ ಮಾಡಿನಿಂದ ಧುಮುಕಿ ಮೃತನಾದನು.

ಮಿಚೆಲ್ಲರು ಹೆಸರಿಟ್ಟ ಉರಿಯೂ ಆ ಬಾಲಕನ ವ್ಯಾಧಿಯಂಥ ಜಡತೆಯೂ ಒಂದೇ ಜೀನಿನ ಎರಡು ಬಗೆಯ ವ್ಯತ್ಯಾಸಗಳಿಂದ ಹುಟ್ಟಬಲ್ಲವೆಂಬುದು ಈಗ ಸಿದ್ಧವಾಗಿದೆ. ಆ ಜೀನು ಯಾವುದು, ಅದರಲ್ಲಿ ಒಂದಕ್ಷರ ಪಲ್ಲಟವಾದರೆ ಇಷ್ಟು ದೊಡ್ಡ ಪರಿಣಾಮವು ಹೇಗೆ ಬರುತ್ತದೆ, ಅಕ್ಷರವನ್ನು ನೋಡಿದ ಮಾತ್ರದಿಂದ ಪರಿಣಾಮವನ್ನು ಊಹಿಸಬಹುದೇ ಎಂಬ ವಿಷಯಗಳು ಮುಂದೆ ವಿವೇಚಿತವಾಗಿವೆ.

೧. ನಾಳದ ರಚನೆ ಮತ್ತು ವ್ಯಾಪಾರ

ಜೀವಕೋಶವನ್ನು ಸುತ್ತಿರುವ ತೆಳುವಾದ ಪೊರೆಯು ಕೊಬ್ಬಿನ ಜಾತಿಯ ಪದಾರ್ಥದಿಂದ ಆದುದು. ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಾಂಶಗಳು ನೀರಿನಲ್ಲಿ ಕರಗಿ ವಿದ್ಯುತ್ತನ್ನು ಹೊತ್ತ ಕಣಗಳಾಗುವುವು. ಇವಕ್ಕೆ ಅಯಾನುಗಳೆಂದು ಹೆಸರು. ಅಯಾನುಗಳು ಕೊಬ್ಬಿನ ಪೊರೆಯನ್ನು ತಾವಾಗಿ ದಾಟಲಾರವು. ಅವುಗಳ ಸಂಚಾರಕ್ಕಾಗಿ ಪೊರೆಯಲ್ಲಿ ಅಲ್ಲಲ್ಲಿ ನಾಟಿಕೊಂಡಿರುವ ಪ್ರೋಟೀನುಗಳೇ ಅಯಾನು ನಾಳಗಳು. ನಾಳವೆಂದರೆ ಸದಾ ತೆರೆದಿರುವ ಕೊಳವೆಯಲ್ಲ. ಕೆರೆಯ ತೂಬಿನಂತೆ ಅದಕ್ಕೆ ತೆರೆಯುವ ಹೊತ್ತೂ ಮುಚ್ಚುವ ಹೊತ್ತೂ ಉಂಟು.

ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು ೬೦ರಿಂದ ೭೦ ಮಿಲಿವೋಲ್ಟುಗಳಷ್ಟು ಋಣವಾಗಿರುತ್ತದೆ. ಸೋಡಿಯಂ ಅಯಾನುಗಳು ಹೊರಗೆ ಹೆಚ್ಚು, ಒಳಗೆ ಕಡಮೆ. ಚರ್ಮಕ್ಕೆ ಮುಳ್ಳು ತಾಗಿತೆನ್ನೋಣ. ಅಲ್ಲಿಯ ನರದ ತುದಿಯಲ್ಲಿ ಈ ವಿದ್ಯುದಂತರವು ತುಸು ಕುಗ್ಗುತ್ತದೆ. ಅದು ಒಂದು ಮಿತಿಯನ್ನು ಮುಟ್ಟಿದೊಡನೆ ಸೋಡಿಯಂ ನಾಳಗಳು ತೆರೆದು ಅಯಾನುಗಳು ಒಳನುಗ್ಗುವುವು. ಹೀಗೆ ಹುಟ್ಟಿದ ವಿದ್ಯುತ್ತಿನ ಅಲೆಯು ನರದುದ್ದಕ್ಕೂ ಹರಿದು ಬೆನ್ನುಹುರಿಯನ್ನೂ, ಅಲ್ಲಿಂದ ಮುಂದೆ ಮಿದುಳನ್ನೂ ಮುಟ್ಟುವ ಸಂದೇಶಕ್ಕೆ ಮೂಲವಾಗುತ್ತದೆ. ಈ ಕ್ರಮವನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲಿಷ್ ವಿದ್ವಾಂಸರು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪನೆಯ ನರತಂತುವಿನ ಮೇಲೆ ಪ್ರಯೋಗ ಮಾಡಿ ೧೯೫೨ರಲ್ಲಿ ಗಣಿತದ ಸಮೀಕರಣಗಳಿಂದ ನಿರೂಪಿಸಿದರು. ೧೯೭೬ರಲ್ಲಿ ಜರ್ಮನಿಯ ನೆಹರ್ ಮತ್ತು ಸಾಕ್ಮನ್ ಎಂಬವರು ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ಪೊರೆಗೆ ಅಂಟಿಸಿ, ಒಂದೊಂದೇ ನಾಳದಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದರು. ೧೯೮೪ರಲ್ಲಿ ಜಪಾನಿನ ಶೋಸಾಕು ನೂಮಾ ಅವರ ತಂಡವು ವಿದ್ಯುತ್ತನ್ನು ಹೊರಸೂಸುವ ಈಲ್ ಮೀನಿನ ಸೋಡಿಯಂ ನಾಳದ ಅಮೈನೋ ಆಮ್ಲಗಳ ಕ್ರಮವನ್ನು ಪೂರ್ಣವಾಗಿ ಓದಿತು. ನಾಳದ ವ್ಯಾಪಾರವನ್ನು ಅಳೆಯುವ ಮಾರ್ಗವೂ ಅದರ ಬರಹವನ್ನು ಓದುವ ಮಾರ್ಗವೂ ಹೀಗೆ ಕೈಗೂಡಿದವು.

ಸೋಡಿಯಂ ನಾಳವು ಸುಮಾರು ೨೦೦೦ ಅಮೈನೋ ಆಮ್ಲಗಳ ಒಂದೇ ಸರ. ಈ ಸರವು ನಾಲ್ಕು ಭಾಗಗಳಾಗಿ ಮಡಚಿಕೊಂಡಿದ್ದು, ಒಂದೊಂದು ಭಾಗವೂ ಪೊರೆಯನ್ನು ಆರಾರು ಸಲ ದಾಟುತ್ತದೆ. ಪ್ರತಿಯೊಂದು ಭಾಗದ ನಾಲ್ಕನೆಯ ಎಳೆಯಲ್ಲಿ ಧನವಿದ್ಯುತ್ತನ್ನುಳ್ಳ ಆಮ್ಲಗಳು ಸಾಲಾಗಿರುವುವು. ಪೊರೆಯ ವಿದ್ಯುದಂತರವು ಬದಲಾದಾಗ ಈ ಎಳೆಯು ಸ್ಥಾನಪಲ್ಲಟಗೊಂಡು ನಡುವಣ ರಂಧ್ರವನ್ನು ತೆರೆಯುತ್ತದೆ. ತೆರೆದು ಸಾವಿರದಲ್ಲೊಂದೆರಡು ಸೆಕೆಂಡು ಕಳೆಯುವಷ್ಟರಲ್ಲಿ, ಮೂರನೆಯ ಮತ್ತು ನಾಲ್ಕನೆಯ ಭಾಗಗಳ ನಡುವೆ ಇರುವ ಸಣ್ಣ ಕೊಂಡಿಯೊಂದು ಬಿರಡೆಯಂತೆ ವರ್ತಿಸಿ ಅಯಾನುಗಳ ಪ್ರವಾಹವನ್ನು ನಿಲ್ಲಿಸುತ್ತದೆ. ತೆರೆಯುವ ಮಿತಿ, ಮುಚ್ಚುವ ವೇಗ ಎಂಬ ಈ ಎರಡು ಗುಣಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಣ ಕಥೆಯೆಲ್ಲ ಇವುಗಳ ಏರುಪೇರೇ ಆಗಿದೆ.

ಮಾನವನಲ್ಲಿ ಈ ಬಗೆಯ ಸೋಡಿಯಂ ನಾಳಗಳು ಒಂಬತ್ತು. ಕೆಲವು ಮಿದುಳಿನಲ್ಲಿಯೂ, ಒಂದು ಮುಖ್ಯವಾಗಿ ಹೃದಯದಲ್ಲಿಯೂ, ಮತ್ತೊಂದು ಮೈಯ ಮಾಂಸಖಂಡಗಳಲ್ಲಿಯೂ ಕೆಲಸಮಾಡುವುವು. ಏಳನೆಯದಾದ ‘ನ್ಯಾವ್ ೧.೭’ ಎಂಬುದು ನೋವನ್ನು ಅರಿಯುವ ನರಗಳಲ್ಲಿ ವಿಶೇಷವಾಗಿದೆ. ಎರಡನೆಯ ಕ್ರೋಮೋಸೋಮಿನಲ್ಲಿರುವ ‘ಎಸ್‌ಸಿಎನ್ ೯ ಎ’ ಎಂಬ ಜೀನಿನಿಂದ ಅದು ತಯಾರಾಗುತ್ತದೆ. ನರದ ತುದಿಯಲ್ಲಿ ಹುಟ್ಟುವ ಸಣ್ಣ ಪ್ರಚೋದನೆಯನ್ನು ಹೆಚ್ಚಿಸಿ, ಸಂದೇಶವು ಹೊರಡುವ ಮಿತಿಗೆ ಅದನ್ನು ಏರಿಸುವುದು ಇದರ ಕೆಲಸ. ಆದಕಾರಣ ಇದನ್ನು ನೋವಿನ ಹೊಸ್ತಿಲಿನ ನಾಳವೆನ್ನಬಹುದು.

೨. ಪಾಠಾಂತರವೆಂದರೇನು

ಮಾನವನ ಆನುವಂಶಿಕ ಬರಹದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಇದಕ್ಕೆ ಎಲ್ಲರಿಗೂ ಸಮಾನವಾದ ಮೂಲಪ್ರತಿಯೊಂದಿಲ್ಲ. ಹೋಲಿಕೆಗಾಗಿ ವಿದ್ವಾಂಸರು ಗೊತ್ತುಮಾಡಿಕೊಂಡಿರುವ ಪ್ರತಿಯೊಡನೆ ಯಾವೊಬ್ಬ ಮನುಷ್ಯನ ಬರಹವನ್ನು ಹೋಲಿಸಿದರೂ ೪೦ರಿಂದ ೫೦ ಲಕ್ಷ ಸ್ಥಳಗಳಲ್ಲಿ ಭೇದಗಳು ಕಾಣುವುವೆಂದು ೨೦೧೫ರಲ್ಲಿ ಪ್ರಕಟವಾದ ‘ಸಾವಿರ ಜೀನೋಮ್’ ಯೋಜನೆಯ ವರದಿಯಿಂದ ತಿಳಿದುಬಂದಿತು. ಈ ಭೇದಗಳನ್ನು ಪಾಠಾಂತರಗಳೆಂದು ಕರೆದರೆ ತಪ್ಪಾಗಲಾರದು. ಓಲೆಗರಿಯ ಪ್ರತಿಗಳನ್ನು ಶೋಧಿಸುವವರು ಬಲ್ಲಂತೆ, ಕೆಲವು ಪಾಠಾಂತರಗಳಿಂದ ಅರ್ಥವು ಕೆಡುವುದಿಲ್ಲ; ಕೆಲವು ಅರ್ಥವನ್ನು ಸ್ವಲ್ಪ ತಿರುಗಿಸುವುವು; ಕೆಲವು ವಾಕ್ಯವನ್ನು ನಡುವೆಯೇ ಕಡಿದುಹಾಕುವುವು. ಜೀನಿನಲ್ಲಿಯೂ ಈ ಮೂರು ಬಗೆಗಳುಂಟು. ಒಂದಕ್ಷರವು ಬದಲಾದರೂ ಅದೇ ಅಮೈನೋ ಆಮ್ಲವು ಬರಬಹುದು. ಬೇರೊಂದು ಆಮ್ಲವು ಬರಬಹುದು. ಇಲ್ಲವೆ ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತವು ಅಕಾಲದಲ್ಲಿ ಬಂದು ಪ್ರೋಟೀನು ಅರ್ಧಕ್ಕೇ ನಿಂತುಹೋಗಬಹುದು.

೩. ಉರಿಯುವ ಪಾದಗಳು

ಆನುವಂಶಿಕವಾದ ಎರಿತ್ರೊಮೆಲಾಲ್ಜಿಯದಿಂದ ನರಳುವವರಿಗೆ ಸ್ವಲ್ಪ ಬಿಸಿಲು, ಸ್ವಲ್ಪ ನಡಿಗೆ, ಕಾಲುಚೀಲದ ಬೆಚ್ಚಗೆ ಇಷ್ಟೇ ಸಾಕು. ಪಾದಗಳೂ ಕೆಲವೊಮ್ಮೆ ಕೈಗಳೂ ಕೆಂಪೇರಿ ಉರಿಯತೊಡಗುವುವು. ತಂಪು ಮಾತ್ರವೇ ಉಪಶಮನ. ತಣ್ಣೀರಿನಲ್ಲಿಯೂ ಮಂಜುಗಡ್ಡೆಯಲ್ಲಿಯೂ ಬಹಳ ಹೊತ್ತು ಪಾದಗಳನ್ನಿಟ್ಟು, ಅದರಿಂದಲೇ ಚರ್ಮವು ಕೆಟ್ಟು ಹುಣ್ಣಾಗುವುದೂ ಉಂಟು. ವ್ಯಾಧಿಯು ಅನೇಕರಿಗೆ ಬಾಲ್ಯದಲ್ಲಿಯೇ ತೊಡಗುತ್ತದೆ. ಹೊರಗಿನಿಂದ ಗಾಯವೇನೂ ಕಾಣದಿರುವುದರಿಂದ, ಇಂಥ ರೋಗಿಯ ಮಾತನ್ನು ಸುತ್ತಲಿನವರು ನಂಬುವುದೂ ಕಷ್ಟ.

೨೦೦೪ರಲ್ಲಿ ಚೀನಾ ದೇಶದ ವಿದ್ವಾಂಸರು ಇಂಥ ರೋಗಿಗಳಲ್ಲಿ ನ್ಯಾವ್ ೧.೭ ನಾಳದ ಎರಡು ಪಾಠಾಂತರಗಳನ್ನು ಕಂಡುಹಿಡಿದರು. ಒಂದರಲ್ಲಿ ೮೪೮ನೆಯ ಸ್ಥಾನದ ಐಸೊಲ್ಯೂಸೀನ್ ಹೋಗಿ ಥ್ರಿಯೊನೀನ್ ಬಂದಿತ್ತು. ಮತ್ತೊಂದರಲ್ಲಿ ೮೫೮ನೆಯ ಸ್ಥಾನದ ಲ್ಯೂಸೀನ್ ಹೋಗಿ ಹಿಸ್ಟಿಡೀನ್ ಬಂದಿತ್ತು. ಎರಡಕ್ಕೂ ಜೀನಿನ ಒಂದೊಂದೇ ಅಕ್ಷರದ ಪಲ್ಲಟವು ಕಾರಣ. ಆದರೆ ರೋಗಿಯಲ್ಲಿ ಭೇದವು ಕಂಡ ಮಾತ್ರಕ್ಕೆ ಅದೇ ರೋಗದ ಕಾರಣವೆಂದು ಸಾಧಿಸಿದಂತಾಗುವುದಿಲ್ಲ. ಅದೇ ವರ್ಷ ಅಮೆರಿಕದ ಥಿಯೊಡೋರ್ ಕಮಿನ್ಸ್, ಸುಲೇಮಾನ್ ದಿಬ್-ಹಜ್ ಮತ್ತು ಸ್ಟೀಫನ್ ವ್ಯಾಕ್ಸ್‌ಮನ್ ಎಂಬವರು ಈ ಎರಡು ನಾಳಗಳನ್ನೂ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳಲ್ಲಿ ತಯಾರಿಸಿ ಅಳತೆ ಮಾಡಿದರು. ಸಾಮಾನ್ಯ ನಾಳಕ್ಕಿಂತ ಇವು ೧೦ ಮಿಲಿವೋಲ್ಟುಗಳಿಗೂ ಮಿಕ್ಕು ಮೊದಲೇ ತೆರೆಯುತ್ತಿದ್ದವು. ತೆರೆದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದಕ್ಕೂ ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತಿದ್ದವು. ಎಂದರೆ, ನೋವಿನ ಹೊಸ್ತಿಲು ತಗ್ಗಿಹೋಗಿತ್ತು. ಆರೋಗ್ಯವಂತನ ನರವು ಲಕ್ಷಿಸದೆ ಬಿಡುವ ಅತ್ಯಲ್ಪ ಪ್ರಚೋದನೆಯನ್ನೂ ಈ ನರಗಳು ಬೆಂಕಿಯೆಂದು ವರದಿಮಾಡುತ್ತಿದ್ದವು.

೪. ಮುಚ್ಚದ ಬಿರಡೆ

ಅದೇ ನಾಳದಲ್ಲಿ ಕೆಡುಕು ಬೇರೊಂದು ಕಡೆ ಸಂಭವಿಸಿದರೆ ನೋವಿನ ಸ್ವರೂಪವೇ ಬೇರೆಯಾಗುತ್ತದೆ. ಶೈಶವದಿಂದಲೇ ಗುದದಲ್ಲಿ, ಕಣ್ಣಿನ ಸುತ್ತ, ದವಡೆಯಲ್ಲಿ ಹಠಾತ್ತಾಗಿ ಅಸಹ್ಯವಾದ ನೋವೆದ್ದು ಮೈಯೆಲ್ಲ ಕೆಂಪೇರುವ ವ್ಯಾಧಿಯೊಂದನ್ನು ೧೯೫೯ರಲ್ಲಿಯೇ ವೈದ್ಯರು ವರ್ಣಿಸಿದ್ದರು. ಅದಕ್ಕೆ ಕಾರಣವಾದ ಪಾಠಾಂತರಗಳು ಎಸ್‌ಸಿಎನ್ ೯ ಎ ಜೀನಿನಲ್ಲಿಯೇ ಇವೆಯೆಂದು ೨೦೦೬ರಲ್ಲಿ ತಿಳಿದುಬಂದಿತು. ಇಲ್ಲಿ ದೋಷವಿರುವುದು ನಾಳವು ತೆರೆಯುವುದರಲ್ಲಲ್ಲ, ಮುಚ್ಚುವುದರಲ್ಲಿ. ಉದಾಹರಣೆಗೆ ೧೪೬೧ನೆಯ ಸ್ಥಾನದ ಐಸೊಲ್ಯೂಸೀನ್ ಆಮ್ಲವು ಮೇಲೆ ಹೇಳಿದ ಬಿರಡೆಯ ತಿರುಳಿನಲ್ಲಿಯೇ ಇದೆ. ಅದು ಬದಲಾದಾಗ ಬಿರಡೆಯು ಸರಿಯಾಗಿ ಕೂರದೆ ಸೋಡಿಯಂ ಪ್ರವಾಹವು ಮುಂದುವರಿಯುತ್ತಲೇ ಇರುತ್ತದೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೀನ್ ಎಂಬ ಔಷಧವು ಈ ರೋಗಿಗಳಲ್ಲಿ ಹಲವರಿಗೆ ಗುಣಕಾರಿಯಾಗಿದೆ. ಎರಿತ್ರೊಮೆಲಾಲ್ಜಿಯದ ಬಹುಪಾಲು ರೋಗಿಗಳಿಗೆ ಅದು ಅಷ್ಟಾಗಿ ಒದಗುವುದಿಲ್ಲ. ಒಂದೇ ನಾಳ, ಒಂದೇ ದಿಕ್ಕಿನ ಅತಿರೇಕ. ಆದರೂ ತೂಬು ಎಲ್ಲಿ ಕೆಟ್ಟಿದೆಯೆಂಬುದರ ಮೇಲೆ ರೋಗವೂ ಔಷಧವೂ ಬೇರೆಯಾಗುವುವು.

೫. ನೋವನ್ನರಿಯದವರು

ಉತ್ತರ ಪಾಕಿಸ್ತಾನದ ಬಾಲಕನ ವಿಚಾರವನ್ನು ಬೆನ್ನಟ್ಟಿದ ವಿದ್ವಾಂಸರು, ಪರಸ್ಪರ ಬಂಧುತ್ವವುಳ್ಳ ಮೂರು ಕುಟುಂಬಗಳಲ್ಲಿ ಅಂಥ ಆರು ಮಂದಿ ಮಕ್ಕಳನ್ನು ಕಂಡರು. ಇವರ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಸ್ಪರ್ಶವನ್ನೂ ಬಿಸಿ ತಣ್ಣನೆಗಳ ಭೇದವನ್ನೂ ಕಚಗುಳಿಯನ್ನೂ ಅರಿಯುತ್ತಿದ್ದರು. ನೋವೊಂದನ್ನು ಮಾತ್ರ ಹುಟ್ಟಿದಂದಿನಿಂದ ಅರಿಯರು. ಹಲ್ಲು ಬಂದ ಮೇಲೆ ಎಲ್ಲರೂ ತಮ್ಮ ತುಟಿ ನಾಲಗೆಗಳನ್ನು ಕಚ್ಚಿಕೊಂಡಿದ್ದರು. ಇಬ್ಬರ ನಾಲಗೆಯ ಮುಂದಣ ಮೂರರಲ್ಲೊಂದು ಭಾಗವೇ ಹೋಗಿತ್ತು. ಮೂಳೆ ಮುರಿದುದು, ಮಗುವು ಕುಂಟುವುದನ್ನೋ ಕೈಯನ್ನು ಬಳಸದಿರುವುದನ್ನೋ ಕಂಡ ಮೇಲೆಯೇ ಹಿರಿಯರಿಗೆ ತಿಳಿಯುತ್ತಿತ್ತು.

ಮೂರು ಕುಟುಂಬಗಳಲ್ಲಿಯೂ ಪಾಠಾಂತರವು ಬೇರೆ ಬೇರೆ. ಪರಿಣಾಮವು ಮಾತ್ರ ಒಂದೇ. ಮೂರೂ ಅಕಾಲದಲ್ಲಿ ‘ನಿಲ್ಲಿಸು’ ಎನ್ನುವ ಸಂಕೇತಗಳು. ಪ್ರಯೋಗಶಾಲೆಯಲ್ಲಿ ಅಳೆದಾಗ ಈ ತುಂಡಾದ ನಾಳಗಳಲ್ಲಿ ಪ್ರವಾಹವೇ ಕಾಣಲಿಲ್ಲ. ಮನುಷ್ಯನಿಗೆ ನೋವು ತಿಳಿಯಬೇಕಾದರೆ ಈ ಒಂದು ನಾಳವು ಅತ್ಯಗತ್ಯವೆಂದೂ, ಉಳಿದ ಎಂಟು ಸೇರಿಯೂ ಇದರ ಸ್ಥಾನವನ್ನು ತುಂಬಲಾರವೆಂದೂ ಇದರಿಂದ ಸಿದ್ಧವಾಯಿತು. ಇಂಥವರಿಗೆ ವಾಸನೆಯೂ ತಿಳಿಯದೆಂದು ೨೦೧೧ರಲ್ಲಿ ನಿರ್ಧಾರವಾಯಿತು. ಮೂಗಿನ ಘ್ರಾಣನರಗಳೂ ತಮ್ಮ ಸಂದೇಶವನ್ನು ಮುಂದಕ್ಕೆ ದಾಟಿಸಲು ಇದೇ ನಾಳವನ್ನು ಆಶ್ರಯಿಸಿವೆ.

ಆನುವಂಶಿಕತೆಯ ಕ್ರಮದಲ್ಲಿಯೂ ಈ ಎರಡು ಬಗೆಯ ವ್ಯಾಧಿಗಳಿಗೆ ಭೇದವುಂಟು. ಪ್ರತಿಯೊಬ್ಬನಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನಿನ ಎರಡು ಪ್ರತಿಗಳಿರುವುವು. ಅತಿಯಾಗಿ ತೆರೆಯುವ ನಾಳವು ಒಂದು ಪ್ರತಿಯಿಂದ ಬಂದರೂ ಸಾಕು, ಉರಿಯು ತಪ್ಪದು. ಪಕ್ಕದ ತೂಬು ಸರಿಯಾಗಿದ್ದ ಮಾತ್ರಕ್ಕೆ ಕೆಟ್ಟ ತೂಬಿನಿಂದ ನೀರು ಹರಿಯುವುದು ನಿಲ್ಲದಷ್ಟೆ. ಆದಕಾರಣ ರೋಗಿಯ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಎರಡರಲ್ಲೊಂದು ಪಾಲು ಅಪಾಯವಿದೆ. ನಾಳವೇ ಇಲ್ಲದ ಸ್ಥಿತಿಯಲ್ಲಿಯಾದರೋ, ಒಂದು ಪ್ರತಿಯು ನೆಟ್ಟಗಿದ್ದರೆ ಕೆಲಸವು ನಡೆಯುತ್ತದೆ. ಈ ಮಕ್ಕಳ ತಂದೆತಾಯಿಗಳಿಗೆ ನೋವಿನ ಅರಿವು ಎಲ್ಲರಂತೆಯೇ ಇತ್ತು. ಎರಡೂ ಕಡೆಯಿಂದ ಕೆಟ್ಟ ಪ್ರತಿಯು ಬಂದಾಗಲೇ ವ್ಯಾಧಿಯು ಪ್ರಕಟವಾಗುವುದು; ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರೆ ಅದರ ಸಂಭವವು ಹೆಚ್ಚು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯುಳ್ಳ ಕನ್ನಡನಾಡಿಗೂ ಈ ಮಾತು ದೂರದ್ದಲ್ಲ. ಅಂಥ ದಂಪತಿಗಳ ಮಗುವಿನಲ್ಲಿ, ಒಂದೇ ಪೂರ್ವಜನಿಂದ ಬಂದ ಪ್ರತಿಗಳು ಎರಡೂ ಕಡೆಯಿಂದ ಕೂಡುವ ಸಂಭವವು ಪ್ರತಿಯೊಂದು ಜೀನಿನಲ್ಲಿಯೂ ಎಂಟರಲ್ಲೊಂದು ಪಾಲು. ಸೋದರತ್ತೆ ಸೋದರಮಾವಂದಿರ ಮಕ್ಕಳ ನಡುವಣ ವಿವಾಹದಲ್ಲಿ ಅದು ಹದಿನಾರರಲ್ಲೊಂದು ಪಾಲು.

೬. ಒಂದೇ ಪಾಠ, ಎರಡು ಅರ್ಥ

ನಾಳವು ಹೆಚ್ಚು ತೆರೆದರೆ ನರವು ಹೆಚ್ಚು ಮಿಡಿಯುವುದು, ಕಡಮೆ ತೆರೆದರೆ ಕಡಮೆ ಮಿಡಿಯುವುದು ಎಂಬ ಸರಳವಾದ ನಿಯಮವು ಇಷ್ಟರಿಂದ ತೋರಬಹುದು. ಆದರೆ ಪ್ರಕೃತಿಯ ಕ್ರಮವು ಇಷ್ಟು ಸರಳವಾಗಿಲ್ಲ. ೨೦೦೬ರಲ್ಲಿ ವ್ಯಾಕ್ಸ್‌ಮನ್ ಅವರ ತಂಡವು ೮೫೮ನೆಯ ಸ್ಥಾನದ ಆ ಪಾಠಾಂತರವನ್ನೇ ಎರಡು ಬಗೆಯ ನರಕೋಶಗಳಲ್ಲಿಟ್ಟು ನೋಡಿತು. ನೋವನ್ನು ಅರಿಯುವ ನರಕೋಶವು ಅದರಿಂದ ಅತಿಯಾಗಿ ಮಿಡಿಯತೊಡಗಿತು. ರಕ್ತನಾಳಗಳ ಸಂಕೋಚ ಮೊದಲಾದುವನ್ನು ನಡೆಸುವ ಅನುವೇದಕ ನರಕೋಶವಾದರೋ ಅದೇ ಪಾಠಾಂತರದಿಂದ ಮಂದವಾಯಿತು.

ಇದಕ್ಕೆ ಕಾರಣವು ನೆರೆಯ ನಾಳದಲ್ಲಿದೆ. ನ್ಯಾವ್ ೧.೭ರ ಈ ಪಾಠಾಂತರದಿಂದ ಎರಡೂ ಬಗೆಯ ಕೋಶಗಳ ವಿಶ್ರಾಂತಿಯ ವಿದ್ಯುದಂತರವು ಸ್ವಲ್ಪ ಕುಗ್ಗುತ್ತದೆ. ಅಂತಹ ಸ್ಥಿತಿಯಲ್ಲಿ ಉಳಿದ ಸೋಡಿಯಂ ನಾಳಗಳು ಬಹುಮಟ್ಟಿಗೆ ಬಿರಡೆ ಹಾಕಿಕೊಂಡು ನಿಷ್ಕ್ರಿಯವಾಗುವುವು. ಆದರೆ ಎಂಟನೆಯದಾದ ನ್ಯಾವ್ ೧.೮ ನಾಳವು ಆ ಸ್ಥಿತಿಯಲ್ಲಿಯೂ ಕೆಲಸಮಾಡಬಲ್ಲದು. ನೋವಿನ ನರಗಳಲ್ಲಿ ಅದು ಇದೆ. ಅನುವೇದಕ ನರಗಳಲ್ಲಿ ಅದಿಲ್ಲ. ಹೀಗಾಗಿ ಒಂದೇ ಅಕ್ಷರದ ಭೇದವು ಒಂದು ಕೋಶವನ್ನು ಕೆರಳಿಸಿ ಮತ್ತೊಂದನ್ನು ಮಲಗಿಸುತ್ತದೆ. ರೋಗಿಯ ಪಾದವು ಉರಿಯುವುದು ಮಾತ್ರವಲ್ಲದೆ ಕೆಂಪೇರುವುದೂ ಏಕೆಂಬುದಕ್ಕೆ ಇದು ಒಂದು ಸಮಾಧಾನವನ್ನು ಕೊಡುತ್ತದೆ. ರಕ್ತನಾಳಗಳನ್ನು ಸಂಕೋಚಗೊಳಿಸುವ ನರಗಳು ಮಂದವಾದರೆ ರಕ್ತವು ಅಲ್ಲಿ ಹೆಚ್ಚಾಗಿ ಹರಿಯುವುದಷ್ಟೆ. ಪಾಠಾಂತರದ ಅರ್ಥವು ಅಕ್ಷರದಲ್ಲಿ ಮಾತ್ರವಿಲ್ಲ, ಅದು ಬಂದಿರುವ ಸಂದರ್ಭದಲ್ಲಿಯೂ ಇದೆ ಎಂಬುದು ಇಲ್ಲಿ ಸ್ಪಷ್ಟವಾಗಿದೆ.

೭. ಸಾಮಾನ್ಯ ಜನರಲ್ಲಿ ಕಾಣುವ ಭೇದಗಳು

ಮೇಲಿನ ವ್ಯಾಧಿಗಳೆಲ್ಲ ಅಪೂರ್ವವಾದುವು. ಆದರೆ ೧೧೫೦ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಟ್ರಿಪ್ಟೊಫಾನ್ ಬರುವ ಪಾಠಾಂತರವು ಆರೋಗ್ಯವಂತರಲ್ಲಿಯೂ ವಿರಳವಲ್ಲ. ಇದನ್ನು ನೋವಿನ ನರಕೋಶಗಳಲ್ಲಿಟ್ಟು ಪರೀಕ್ಷಿಸಿದಾಗ ಅವು ಸ್ವಲ್ಪ ಹೆಚ್ಚಾಗಿ ಮಿಡಿದವೆಂದು ೨೦೦೯ರಲ್ಲಿ ವರದಿಯಾಯಿತು. ಕೀಲುನೋವಿನ ೫೭೮ ರೋಗಿಗಳಲ್ಲಿ ಈ ಪಾಠವುಳ್ಳವರು ತಮ್ಮ ನೋವನ್ನು ತುಸು ಹೆಚ್ಚೆಂದು ಹೇಳಿದರೆಂದು ೨೦೧೦ರಲ್ಲಿ ಪ್ರಕಟವಾಯಿತು. ಮುಂದಣ ಪರೀಕ್ಷೆಗಳು ಇದನ್ನು ಏಕರೀತಿಯಾಗಿ ಸಮರ್ಥಿಸಲಿಲ್ಲ. ೨೦೧೨ರಲ್ಲಿ, ಕಾರಣ ತಿಳಿಯದ ಸಣ್ಣ ನರತಂತುಗಳ ವ್ಯಾಧಿಯುಳ್ಳ ೨೮ ಮಂದಿಯಲ್ಲಿ ೮ ಮಂದಿಗೆ ಈ ಜೀನಿನ ಪಾಠಾಂತರಗಳಿರುವುದು ಕಂಡುಬಂದಿತು. ಒಂದೇ ಪೆಟ್ಟಿಗೆ ಒಬ್ಬನು ಕೂಗಿ ಮತ್ತೊಬ್ಬನು ಸುಮ್ಮನಿರುವುದು ಧೈರ್ಯದ ಭೇದವೊಂದೇ ಆಗಿರಬೇಕಿಲ್ಲ. ಆದರೆ ಸಾಮಾನ್ಯವಾದ ನೋವಿನಲ್ಲಿ ಈ ಒಂದು ಜೀನಿನ ಪಾಲು ಅಲ್ಪವೆಂಬುದನ್ನೂ ಮರೆಯಲಾಗದು.

೮. ಚಿಕಿತ್ಸೆಯ ದಾರಿ

ಈ ನಾಳವಿಲ್ಲದವರಿಗೆ ನೋವಿಲ್ಲ. ಅವರ ಹೃದಯವೂ ಬುದ್ಧಿಯೂ ಕ್ಷೇಮವಾಗಿವೆ. ಹಾಗಾದರೆ ಈ ನಾಳವನ್ನು ಮಾತ್ರ ಮುಚ್ಚುವ ಔಷಧವು ದೊರೆತರೆ, ಅಫೀಮಿನ ಜಾತಿಯ ಔಷಧಗಳ ವ್ಯಸನವಿಲ್ಲದೆ ನೋವನ್ನು ನಿವಾರಿಸಬಹುದಲ್ಲವೆ? ಈ ತರ್ಕವನ್ನು ಹಿಡಿದು ಹಲವು ಔಷಧಗಳು ನಿರ್ಮಿತವಾದವು. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಅವುಗಳ ಫಲವು ನಿರೀಕ್ಷೆಯನ್ನು ಮುಟ್ಟಲಿಲ್ಲ. ಹುಟ್ಟಿನಿಂದಲೇ ನಾಳವಿಲ್ಲದಿರುವುದೂ ಬೆಳೆದ ಮೇಲೆ ಅದನ್ನು ಸ್ವಲ್ಪಮಟ್ಟಿಗೆ ಮುಚ್ಚುವುದೂ ಒಂದೇ ಅಲ್ಲ. ಹುಟ್ಟಿನಿಂದ ನೋವರಿಯದ ಸ್ತ್ರೀಯೊಬ್ಬಳಿಗೆ, ದೇಹದೊಳಗಿನ ಅಫೀಮಿನಂಥ ದ್ರವ್ಯಗಳ ಪ್ರಭಾವವನ್ನು ತಡೆಯುವ ನಲಾಕ್ಸೋನ್ ಔಷಧವನ್ನು ಕೊಟ್ಟಾಗ ಅವಳಿಗೆ ನೋವು ತಿಳಿಯಿತೆಂದು ೨೦೧೫ರಲ್ಲಿ ಲಂಡನ್ನಿನಿಂದ ವರದಿಯಾಯಿತು. ನಾಳದ ಅಭಾವದೊಡನೆ ದೇಹವೇ ತಯಾರಿಸಿಕೊಂಡ ಶಾಮಕಗಳೂ ಅವಳ ಸ್ಥಿತಿಗೆ ಕಾರಣವಾಗಿದ್ದುವೆಂದು ಇದರಿಂದ ಊಹಿಸಬಹುದು. ಕೊನೆಗೆ ಫಲಿಸಿದುದು ನೆರೆಯ ನಾಳ. ನ್ಯಾವ್ ೧.೮ನ್ನು ತಡೆಯುವ ಸುಜೆಟ್ರಿಜೀನ್ ಎಂಬ ಔಷಧವನ್ನು ಹಠಾತ್ತಾದ ತೀವ್ರ ನೋವಿನ ಉಪಯೋಗಕ್ಕಾಗಿ ಅಮೆರಿಕದ ಸರ್ಕಾರವು ೨೦೨೫ರ ಜನವರಿಯಲ್ಲಿ ಅಂಗೀಕರಿಸಿತು.

ಪಾಠಾಂತರವನ್ನು ಅಳೆದು ನೋಡಿದುದರಿಂದ ರೋಗಿಗೆ ನೇರವಾಗಿ ಉಪಕಾರವಾದ ನಿದರ್ಶನವೂ ಉಂಟು. ಎರಿತ್ರೊಮೆಲಾಲ್ಜಿಯದ ಒಂದು ಕುಟುಂಬಕ್ಕೆ ಕಾರ್ಬಮಜೆಪೀನ್ ಗುಣವನ್ನು ಕೊಟ್ಟಿತ್ತು. ಅವರಲ್ಲಿದ್ದುದು ೪೦೦ನೆಯ ಸ್ಥಾನದ ಭೇದ. ಈ ಔಷಧವು ಆ ನಾಳದ ತೆರೆಯುವ ಮಿತಿಯನ್ನು ಸಹಜಸ್ಥಿತಿಗೆ ತರುವುದೆಂದು ೨೦೦೯ರಲ್ಲಿ ತೋರಿತು. ೨೪೧ನೆಯ ಸ್ಥಾನವು ಸರದಲ್ಲಿ ಅಲ್ಲಿಂದ ೧೫೯ ಆಮ್ಲಗಳಷ್ಟು ದೂರವಾದರೂ, ಸರವು ಮಡಚಿಕೊಂಡಾಗ ಎರಡೂ ಅಕ್ಕಪಕ್ಕಕ್ಕೆ ಬರುವುವು. ಆದುದರಿಂದ ೨೪೧ನೆಯ ಸ್ಥಾನದ ಭೇದಕ್ಕೂ ಇದೇ ಔಷಧವು ಒದಗಬಹುದೆಂದು ೨೦೧೨ರಲ್ಲಿ ಊಹಿಸಿ, ಜೀವಕೋಶಗಳಲ್ಲಿ ಪರೀಕ್ಷಿಸಿ, ೨೦೧೬ರಲ್ಲಿ ಆ ಭೇದವುಳ್ಳ ಇಬ್ಬರು ರೋಗಿಗಳಿಗೆ ಔಷಧವನ್ನು ಕೊಡಲಾಯಿತು. ಇಬ್ಬರ ನೋವೂ ಕಡಮೆಯಾಯಿತು. ಇಬ್ಬರೆಂಬುದು ಸಣ್ಣ ಸಂಖ್ಯೆಯೇ ಸರಿ. ಆದರೆ ಔಷಧವನ್ನು ಒಂದೊಂದಾಗಿ ತಿನ್ನಿಸಿ ನೋಡುವ ಬದಲು, ನಾಳವನ್ನು ಅರಿತು ಔಷಧವನ್ನು ಆರಿಸಬಹುದೆಂಬುದಕ್ಕೆ ಅದು ಸಾಕ್ಷಿ.

ಇಂದು ಜೀನುಗಳ ಬರಹವನ್ನು ಓದಿಸುವುದು ಸುಲಭವಾಗಿದೆ. ಓದಿದ ಮಾತಿನ ಅರ್ಥವನ್ನು ನಿರ್ಣಯಿಸುವುದು ಸುಲಭವಾಗಿಲ್ಲ. ೨೦೧೫ರಲ್ಲಿ ಅಮೆರಿಕದ ತಜ್ಞರು ಪಾಠಾಂತರಗಳನ್ನು ರೋಗಕಾರಕದಿಂದ ನಿರಪಾಯದವರೆಗೆ ಐದು ವರ್ಗಗಳಾಗಿ ವಿಂಗಡಿಸಿದಾಗ, ನಡುವಣದಕ್ಕೆ ‘ಅರ್ಥ ಅನಿಶ್ಚಿತ’ ಎಂದೇ ಹೆಸರಿಟ್ಟರು. ಅಯಾನು ನಾಳಗಳಲ್ಲಿ ಕಾಣುವ ಅನೇಕ ಭೇದಗಳು ಈ ವರ್ಗದಲ್ಲಿಯೇ ನಿಂತಿವೆ. ಅಪರೂಪವಾದ ಪಾಠವೆಲ್ಲ ಅಪಪಾಠವಲ್ಲ. ಅಪಪಾಠವೆಂದು ಹೇಳಬೇಕಾದರೆ ನಾಳವು ಎಷ್ಟು ಮೊದಲು ತೆರೆಯಿತು, ಎಷ್ಟು ತಡವಾಗಿ ಮುಚ್ಚಿತು, ಯಾವ ಕೋಶದಲ್ಲಿ ಯಾವ ನೆರೆಯವರೊಡನೆ ಇತ್ತು ಎಂಬುದನ್ನು ಅಳೆದು ನೋಡಬೇಕು. ಉರಿಯುವ ಪಾದಗಳ ರೋಗಿಯನ್ನು ಸುಳ್ಳುಗಾರನೆಂದೂ, ಕೆಂಡದ ಮೇಲೆ ನಡೆದ ಬಾಲಕನನ್ನು ಧೀರನೆಂದೂ ಜನರು ತಿಳಿಯುವುದು ಸಹಜ. ಇಬ್ಬರ ಸ್ಥಿತಿಯೂ ಕಣ್ಣಿಗೆ ಕಾಣದ ಒಂದು ತೂಬಿನಿಂದ ಬಂದುದೆಂದು ತಿಳಿಸಿಕೊಟ್ಟುದು, ಅವರಂಥವರನ್ನು ಸರಿಯಾಗಿ ನೋಡಿಕೊಳ್ಳುವ ದಾರಿಯನ್ನು ತೆರೆದುದು, ಈ ಅಳತೆಯ ಮುಖ್ಯವಾದ ಪ್ರಯೋಜನವಾಗಿದೆ.